ಹೆಂಡತಿಯ ದವಡೆಯಲ್ಲಿ ಬಂದ ಐದು ಮಾತ್ರೆಗಳು

ಇಂದ:
ಅಗಣಿ ಸಾಹು, ಬೆಳ್ಳಿ ತಂತಿಯ ಕುಸುರಿ ಕೆಲಸಗಾರ, ಕಟಕ್, ಒಡಿಶಾ.

ಗೆ:
ಮಾನ್ಯ ಮುಖ್ಯಾಧಿಕಾರಿಗಳು, ಮಹಾಮಾರಿ ಔಷಧ ಉಸ್ತುವಾರಿ ಕೋಶ.

ವಿಷಯ: ಐದು ಮಾತ್ರೆಗಳನ್ನು 'ಇದ್ದ ಸ್ಥಿತಿಯಲ್ಲಿ' ಹಿಂದಿರುಗಿಸಲಾಗದ ಬಗ್ಗೆ.

ಉಲ್ಲೇಖ: ನನ್ನ ಹೆಂಡತಿ, ಆಶಾ ಕಾರ್ಯಕರ್ತೆ ಪ್ರಮೋದಿನಿಗೆ ತಾವು ಕೊಟ್ಟ ನೋಟಿಸು.

ಮಾನ್ಯರೇ,

೧. ನನಗೆ ಗಂಟುವಾತ. ಎಂಟು ವರ್ಷಗಳಿಂದ ದಿನಕ್ಕೊಂದು ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗಿ ಬೆರಳುಗಳನ್ನು ನೆಟ್ಟಗಿಟ್ಟುಕೊಂಡು ಕೂದಲೆಳೆಯಂಥ ಬೆಳ್ಳಿ ತಂತಿ ಹೆಣೆಯುತ್ತಿದ್ದೆ. ಅದು ಕೊರೊನಾವನ್ನೂ ತಡೆಯುತ್ತದೆಂಬ ಸುದ್ದಿ ಬಂದದ್ದೇ ತಡ, ಅಂಗಡಿಗಳಲ್ಲಿದ್ದುದನ್ನೆಲ್ಲ ತಾವು ವಶಪಡಿಸಿಕೊಂಡಿರಿ. ಆ ಕಾರಣ, ಎರಡು ತಿಂಗಳಲ್ಲಿ ನನ್ನ ಅಂಗಿಯ ಗುಂಡಿಯನ್ನೂ ಪ್ರಮೋದಿನಿಯೇ ಹಾಕುವಂತಾಯಿತು.

೨. ಆದ್ದರಿಂದ ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಚಿಕ್ಕಪ್ಪನೆಂದೇ ಕರೆದು ಕೇಳಿದರು, "ಕೊರೊನಾ ಇದೆಯಾ ಮೌಸಾ?"
"ಇಲ್ಲಪ್ಪ, ವಾತ."
"ಹಾಗಾದ್ರೆ ಬಂದ ಮೇಲೆ ಬನ್ನಿ."
"ಬಂದು ಎಂಟು ವರ್ಷ ಆಯ್ತಲ್ಲ."
"ವಾತ ಅಲ್ಲ ಮೌಸಾ, ಕೊರೊನಾ."

೩. ಆಶಾ ಕಾರ್ಯಕರ್ತೆಯರಿಗೆ ಮುಂಜಾಗ್ರತೆಗಾಗಿ ವಾರಕ್ಕೊಂದು ಮಾತ್ರೆಯನ್ನು ನರ್ಸ್ ಬಿಲಾಸಿನಿಯವರ ಎದುರೇ ನುಂಗಿಸಲಾಗುತ್ತಿತ್ತು. ಪ್ರಮೋದಿನಿ ಅದನ್ನು ದವಡೆಗೆ ಒತ್ತರಿಸಿ, ನೀರು ಮಾತ್ರ ಕುಡಿದು, ಎರಡು ಬೀದಿ ದಾಟಿ ಮನೆಗೆ ತರುತ್ತಿದ್ದಳು. ಕಹಿಗೆ ಅವಳ ಕಣ್ಣಲ್ಲಿ ನೀರು. "ಬೇಗ ನುಂಗಿ. ಕೈ ನೆಟ್ಟಗಾದ್ರೆ ನಿಮ್ಮ ಗುಂಡಿ ನೀವೇ ಹಾಕ್ಕೊಳ್ಳಿ," ಎನ್ನುತ್ತಿದ್ದಳು. ಆ ದಿನಗಳಲ್ಲಿ ಬೈಗುಳ ಹೆಚ್ಚಾದದ್ದು ಔಷಧದಿಂದಲೋ ಸ್ವಭಾವದಿಂದಲೋ ನಾನು ಅರಿಯೆ.

೪. ಆರನೆಯ ವಾರ ನರ್ಸ್, "ಗಂಡ ಹೇಗಿದ್ದಾರೆ ಪ್ರಮೋದಿನಿ?" ಎಂದು ಕೇಳಿದರು. ನನ್ನ ಹೆಸರೆತ್ತಿದರೆ ಅರ್ಧ ಗಂಟೆ ದೂರು ಹೇಳುವವಳು ಅಂದು ತಲೆ ಮಾತ್ರ ಆಡಿಸಿದಳು. ಅನುಮಾನಗೊಂಡ ನರ್ಸ್ ಬಾಯಿ ತೆರೆಸಿದರು; ಆರನೆಯ ಮಾತ್ರೆ ಸಿಕ್ಕಿತು, ಹಿಂದಿನ ಐದರ ಕಥೆಯೂ ಹೊರಬಿತ್ತು. ಆ ಕಾರಣ ಈ ನೋಟಿಸು: ಹಿಂದಿನ ಐದನ್ನು ಹಿಂದಿರುಗಿಸದಿದ್ದರೆ ಕೆಲಸದಿಂದ ವಜಾ. ಹದಿನಾಲ್ಕು ವರ್ಷ ಮನೆಮನೆ ಅಲೆದು ಮಕ್ಕಳಿಗೆ ಲಸಿಕೆ ಹಾಕಿಸಿದವಳು ಅವಳು. ನೋಟಿಸನ್ನು ಮಡಿಚಿಟ್ಟು ನನ್ನ ಗುಂಡಿ ಹಾಕಿದಳು. ಅವಳು ಬೈಯದ ಆ ಬೆಳಿಗ್ಗೆ ನನಗೆ ಹೆದರಿಕೆಯಾಯಿತು.

೫. ಕಳೆದ ವಾರ, ಈ ಮಾತ್ರೆಯಿಂದ ಕೊರೊನಾಕ್ಕೆ ಪ್ರಯೋಜನವಿಲ್ಲವೆಂದು ತಾವೇ ಹಂಚಿಕೆ ನಿಲ್ಲಿಸಿದ್ದೀರಿ. ಆದ್ದರಿಂದ ಮತ್ತೆ ಬಂದೆ.
"ನಲವತ್ತು ಪೆಟ್ಟಿಗೆ ಉಳಿದಿದೆ ಮೌಸಾ. ಅವಧಿ ಮುಗಿದ ಮೇಲೆ ಹೂಳ್ತೀವಿ."
"ಅಷ್ಟರಲ್ಲಿ ನನಗೊಂದು ಪೆಟ್ಟಿಗೆ ಕೊಡಬಾರದಾ?"
"ಅವು ಕೊರೊನಾ ಲೆಕ್ಕದ ಮಾತ್ರೆ. ವಾತಕ್ಕೆ ಕೊಡೋಕೆ ಆದೇಶ ಇಲ್ಲ."

ಆದ್ದರಿಂದ, ಐದೂ ಮಾತ್ರೆಗಳು ನನ್ನ ರಕ್ತದಲ್ಲಿ ಕರಗಿರುವ ಕಾರಣ, ತಪ್ಪನ್ನು ನುಂಗಿದವನ ಮೇಲೆ ಹೊರಿಸಿ, ತಂದವಳನ್ನು ಕೆಲಸದಲ್ಲಿ ಉಳಿಸಬೇಕೆಂದು ಪ್ರಾರ್ಥಿಸುತ್ತೇನೆ.

ಬೆರಳು ಮಡಚಿದ್ದರೂ ತಮ್ಮ ವಿಶ್ವಾಸಿ,
ಅಗಣಿ ಸಾಹು

(ಹೇಳಿ ಬರೆಸಿದ್ದು. ಬರೆದವಳು ಪ್ರಮೋದಿನಿ. ಮೂರನೆಯ ಅಂಶದ ಕೊನೆಯ ಸಾಲಿಗೆ ಬರೆದವಳ ಒಪ್ಪಿಗೆಯಿಲ್ಲ.)

ಲಗತ್ತು: ನೋಟಿಸಿನ ಪ್ರತಿ, ವೈದ್ಯರ ಚೀಟಿ, ಕೊರೊನಾ ಇಲ್ಲವೆಂಬ ವರದಿಗಳು, ಮೂರು.

ವಿಶೇಷ ಸೂಚನೆ: ನಲವತ್ತು ಪೆಟ್ಟಿಗೆ ಹೂಳುವ ಕೆಲಸಕ್ಕೆ ಆಳು ಬೇಕಾದಲ್ಲಿ ನನ್ನನ್ನೇ ನೇಮಿಸಬೇಕಾಗಿ ವಿನಂತಿ. ಗುದ್ದಲಿ ಹಿಡಿಯಲು ಬೆರಳು ಬಾಗಿ ಬಿಚ್ಚಬೇಕಾದ ಕಾರಣ, ಮೂರು ತಿಂಗಳ ಮಾತ್ರೆಗಳನ್ನು ಮುಂಚಿತವಾಗಿ ಮಂಜೂರು ಮಾಡಬೇಕು.