ಡಬರಿಗೆ ಜ್ವರ ನೋಡಿದ್ದು

ಹಾಲಿಗೆ ಹೆಪ್ಪು ಹಾಕುವುದು ಕಷ್ಟದ ಕೆಲಸ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಹಾಲು ಕಾಯಿಸು, ಆರಿಸು, ಒಂದಿಷ್ಟು ಹಳೇ ಮೊಸರು ಬೆರೆಸು, ಮುಚ್ಚು, ಹೋಗಿ ಮಲಗು. ಮಲಗುವುದೂ ವಿಧಾನದ ಒಂದು ಭಾಗವಾಗಿರುವ ಅಡುಗೆ ಇನ್ನೊಂದಿಲ್ಲ! ಇದನ್ನೂ ಕೆಡಿಸುವ ಮನುಷ್ಯ ಇದ್ದಾನೆಯೇ?

ಇದ್ದಾನೆ. ಕೊರಟಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದಾನೆ. ಬಿ.ಎಸ್ಸಿ. ಪಾಸಾಗಿದ್ದಾನೆ.

ನನ್ನ ನಾದಿನಿ ಪವಿತ್ರಾಳ ಸೀಮಂತ. ಮಧುಗಿರಿಯ ಅತ್ತೆ ಮನೆಯಲ್ಲಿ ಮಾಡಬೇಕೆಂದು ನಿಶ್ಚಯವಾಯಿತು. ಪವಿತ್ರಾಳ ಗಂಡನ ಮನೆ ಪಾವಗಡ. ಆ ಕಡೆಯಿಂದ ಬೀಗರು ಒಂದು ವ್ಯಾನು ತುಂಬ ಬರುವವರಿದ್ದರು. ಪವಿತ್ರಾಳಿಗೆ ಬಸುರಿಯಾದಾಗಿನಿಂದ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಒಗ್ಗರಣೆ ವಾಸನೆಗೆ ಓಡುತ್ತಿದ್ದಳು, ಹೋಳಿಗೆ ಕಂಡರೆ ಮುಖ ತಿರುಗಿಸುತ್ತಿದ್ದಳು. ಪ್ಯಾಕೆಟ್ ಮೊಸರು ಮೂಗಿನ ಹತ್ತಿರ ಬಂದರೂ ಆಗುತ್ತಿರಲಿಲ್ಲ. ಒಪ್ಪುತ್ತಿದ್ದದ್ದು ಒಂದೇ, ಮನೆಯಲ್ಲಿ ಹೆಪ್ಪು ಹಾಕಿದ ಮೊಸರಲ್ಲಿ ಕಲಸಿದ ಅನ್ನ. ಹಾಗಾಗಿ ಸೀಮಂತದ ಊಟದಲ್ಲಿ ಏನು ಇಲ್ಲದಿದ್ದರೂ ಮೊಸರನ್ನ ಮಾತ್ರ ಇರಲೇಬೇಕು.

ಹಿಂದಿನ ದಿನ ನಾವು ಮಧುಗಿರಿ ತಲುಪಿದಾಗ ಅತ್ತೆ ರತ್ನಮ್ಮನವರು ಬಲಗೈ ತೋರುಬೆರಳಿಗೆ ದಪ್ಪ ಬ್ಯಾಂಡೇಜು ಸುತ್ತಿಕೊಂಡು ಕುಳಿತಿದ್ದರು.

"ಉಗುರುಸುತ್ತು ಕಣಪ್ಪ. ಹಾಲು ಉಗುರು ಬೆಚ್ಚಗೆ ಆಯ್ತಾ ಇಲ್ವಾ ಅಂತ ಈ ಬೆಳ್ಳಲ್ಲೇ ನೋಡ್ತಿದ್ದೆ. ಎಡಗೈಲಿ ಹೆಪ್ಪು ಮುಟ್ಟಕ್ಕೆ ನಂಗೆ ಮನಸು ಬರಕಿಲ್ಲ. ಈಗ ಹೆಂಗ್ಮಾಡದು?"

ಉಗುರು ಬೆಚ್ಚಗೆ ನೋಡುವ ಉಗುರಿಗೇ ಉಗುರುಸುತ್ತು! ಇಂಥ ಬಿಕ್ಕಟ್ಟಿನಲ್ಲಿ ವಿಜ್ಞಾನದ ವಿದ್ಯಾರ್ಥಿಯಾದವನು ಸುಮ್ಮನಿರುವುದು ತರವೇ?

"ಅತ್ತೆ, ಬೆರಳು ಯಾಕೆ? ನಾನಿದ್ದೀನಲ್ಲ!" ಎಂದು ಬ್ಯಾಗಿನಿಂದ ನನ್ನ ಥರ್ಮಾಮೀಟರ್ ಗನ್ನು ಹೊರತೆಗೆದೆ.

ಅದು ಕೊರೋನಾ ಕಾಲದ್ದು. ಆಗ ನನ್ನ ಅಂಗಡಿಗೆ ಒಂದು ಪೆನ್ಸಿಲ್ ಕೊಳ್ಳಲು ಬಂದವರ ಹಣೆಗೂ ಗನ್ನು ಹಿಡಿದೇ ಒಳಗೆ ಬಿಡುತ್ತಿದ್ದೆ. ಕಾಯಿಲೆ ಹೋಯಿತು, ಗನ್ನು ಉಳಿಯಿತು. ಅದಕ್ಕೆ ತಕ್ಕ ಕೆಲಸ ಸಿಗದೆ ನಾನು ಬಹಳ ನೊಂದಿದ್ದೆ. ಮೈ ನೋಡುವ ಗುಂಡಿ ಬಿಟ್ಟು ವಸ್ತು ನೋಡುವ ಗುಂಡಿ ಒತ್ತಿದರೆ ಹಾಲು, ನೀರು, ಗೋಡೆ, ಯಾವುದರ ಶಾಖವನ್ನಾದರೂ ತೋರಿಸುತ್ತದೆ.

"ಮುಟ್ಟೋದೇ ಬೇಡ ಅತ್ತೆ. ಬಿಸಿಯಾದ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಕಿರಣ ಬಿಡುತ್ತೆ. ಈ ಯಂತ್ರ ಆ ಕಿರಣ ಹಿಡಿದು, ಎಷ್ಟು ಡಿಗ್ರಿ ಅಂತ ಲೆಕ್ಕ ಹಾಕಿ ಹೇಳುತ್ತೆ. ಹೆಪ್ಪಿಗೆ ನಲವತ್ತು ಡಿಗ್ರಿ ಬೇಕು. ನಲವತ್ತು ಅಂದ್ರೆ ನಲವತ್ತೇ!"

ಅತ್ತೆ ನನ್ನನ್ನು ನೋಡಿದ ರೀತಿಯಲ್ಲಿ ಗೌರವವಿತ್ತು. ಅಥವಾ ಹಾಗೆಂದು ನಾನು ತಿಳಿದೆ. ನನ್ನ ಹೆಂಡತಿ ಸುಮಾ ನೋಡಿದ ರೀತಿಯಲ್ಲಿ ಏನಿತ್ತು ಎಂಬುದರ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ.

ಸಂಜೆ ಹಿತ್ತಲಿನ ಒಲೆಯ ಮೇಲೆ ಹಾಲು ಕಾಯಿಸಿ, ಎರಡು ಹೊಸ ಸ್ಟೀಲ್ ಡಬರಿಗಳಿಗೆ ಸುರಿದೆವು. ಡಬರಿಗಳು ಎಷ್ಟು ಫಳಫಳ ಅನ್ನುತ್ತಿದ್ದವೆಂದರೆ ಅವುಗಳಲ್ಲಿ ನೋಡಿಕೊಂಡು ಕ್ರಾಪು ಬಾಚಬಹುದಿತ್ತು. ನಾನು ಒಂದರ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಹೊಟ್ಟೆಗೆ ಗುರಿಯಿಟ್ಟು ಗುಂಡಿ ಒತ್ತಿದೆ. ಬೀಪ್! ನಲವತ್ತು.

"ಆಯ್ತು! ಹೆಪ್ಪು ತನ್ನಿ!"

"ರೀ, ಈಗ ತಾನೇ ಸುರಿದಿದ್ದು. ಹಬೆ ಬರ್ತಾ ಇದೆ," ಎಂದಳು ಸುಮಾ.

"ಹಬೆ ಕಣ್ಣಿಗೆ ಕಾಣುವ ಭ್ರಮೆ. ಶಾಖ ಯಂತ್ರಕ್ಕೆ ಕಾಣುವ ಸತ್ಯ."

"ಒಂದ್ಸಲ ಮುಟ್ಟಿ ನೋಡ್ಲಾ?"

"ಕೈ ಹಚ್ಚಬೇಡ! ಪ್ರಯೋಗ ಕೆಡುತ್ತೆ!"

ಇನ್ನೊಂದು ಡಬರಿಗೂ ಹಿಡಿದೆ. ಬೀಪ್! ಅದೂ ನಲವತ್ತು. ಎರಡು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ವಿಚಾರಣೆ ಏನಿದೆ? ಉದ್ದನೆಯ ಸೌಟಿನಲ್ಲಿ ಹೆಪ್ಪು ಬೆರೆಸಿ, ತಟ್ಟೆ ಮುಚ್ಚಿ, ಮೇಲೊಂದು ಹಳೇ ಸೀರೆ ಹೊದಿಸಿ, ವಿಧಾನದ ಕೊನೆಯ ಹಂತವಾದ ನಿದ್ದೆಯನ್ನು ಅತ್ಯಂತ ಯಶಸ್ವಿಯಾಗಿ ಪೂರೈಸಿದೆ.

ಬೆಳಿಗ್ಗೆ ಅತ್ತೆಯ ಕೂಗಿಗೆ ಎಚ್ಚರವಾಯಿತು. ಹಿತ್ತಲಿಗೆ ಓಡಿದೆ. ಅತ್ತೆ ಸೌಟು ಅದ್ದಿ ಎತ್ತಿದರು. ತೆಳ್ಳಗೆ ಹರಿಯಿತು. ನಡುವೆ ಬಿಳಿ ಹರಳುಗಳು ತೇಲುತ್ತಿದ್ದವು.

"ಇದೇನ್ ಅಳಿಯಂದ್ರೇ? ಹಾಲೂ ಅಲ್ಲ, ಮೊಸರೂ ಅಲ್ಲ, ಸುಣ್ಣದ ತಿಳಿ ಆದಂಗೆ ಆಗೈತೆ!"

ಅಷ್ಟರಲ್ಲಿ ಪವಿತ್ರಾ ಎದ್ದು ಬಂದಳು. ತಲೆ ಬಾಚಿರಲಿಲ್ಲ, ಕಣ್ಣ ಕೆಳಗೆ ಕಪ್ಪಾಗಿತ್ತು. ಆದರೂ ಮುಖದಲ್ಲಿ ಒಂದು ಆಸೆ.

"ಭಾವ, ಮೊಸರು ಆಗೈತಾ? ರಾತ್ರಿ ಏನೂ ತಿಂದಿಲ್ಲ. ನಾಳೆ ಮೊಸರನ್ನ ತಿನ್ನಾನ ಅಂತ ಮಲ್ಕಂಡ್ಬುಟ್ಟೆ."

ನಾನು ಡಬರಿಗೆ ಅಡ್ಡ ನಿಂತೆ. "ಇನ್ನೊಂದು ಸ್ವಲ್ಪ ಹೊತ್ತು ಕಣಮ್ಮ," ಎಂದೆ. ಅವಳು ನಂಬಿಕೊಂಡು ಒಳಗೆ ಹೋದಳು. ಅವಳು ಬೈದಿದ್ದರೆ ಎಷ್ಟೋ ಸುಖವಾಗಿರುತ್ತಿತ್ತು.

ನಾನೇ ಡೇರಿಗೆ ಓಡಿ, ಬೆಳಗಿನ ಹಾಲು ಖಾಲಿಯಾಗುವುದರೊಳಗೆ ಕ್ಯಾನು ತುಂಬಿಸಿಕೊಂಡು ಬಂದೆ. ಊಟ ಮಧ್ಯಾಹ್ನ ತಡವಾಗಿಯೇ ಇತ್ತು. ಬೇಸಿಗೆ ಬೇರೆ, ಮಧುಗಿರಿ ಬೆಟ್ಟವೇ ಊರಿನ ಮಗ್ಗುಲಲ್ಲಿ ಇಟ್ಟ ಕಾದ ಹಂಚಿನಂತಿತ್ತು. ಬೇಗ ಹೆಪ್ಪು ಹಾಕಿದರೆ ಅಷ್ಟರೊಳಗೆ ಮೊಸರು ಕೂತೀತು. ಹಾಲು ಕಾಯಿಸಿ ಅಷ್ಟೇ ಫಳಫಳ ಅನ್ನುವ ಇನ್ನೊಂದು ದೊಡ್ಡ ಡಬರಿಗೆ ಸುರಿದೆವು. ಈ ಸಲ ಸುಮಾ ದೇವರ ಸಹಾಯವೂ ಇರಲಿ ಎಂದು ಡಬರಿಗೆ ಮೂರು ಬೆರಳಲ್ಲಿ ದಪ್ಪಗೆ ವಿಭೂತಿ ಬಳಿದಿದ್ದಳು.

ನಾನು ಗನ್ನು ಹಿಡಿದೆ. ಬೀಪ್! ನಲವತ್ತೊಂದು. ಕೈ ಸ್ವಲ್ಪ ಅಲುಗಿ ಗುರಿ ವಿಭೂತಿಯ ಮೇಲೆ ಬಿತ್ತು. ಬೀಪ್! ಎಂಬತ್ತು!

ಪಕ್ಕಕ್ಕೆ ಸರಿಸಿದೆ. ನಲವತ್ತೊಂದು. ವಿಭೂತಿಗೆ ತಂದೆ. ಎಂಬತ್ತು. ಒಂದೇ ಡಬರಿ, ಒಂದೇ ಹಾಲು!

ಕಾಲೇಜಿನಲ್ಲಿ ಕೊನೇ ಬೆಂಚಿನಿಂದ ಕೇಳಿಸಿಕೊಂಡಿದ್ದ ಪಾಠ ಆಗ ನಿಧಾನವಾಗಿ ತಲೆಗೇರಿತು. ಚರ್ಮ, ಬಟ್ಟೆ, ಮಣ್ಣು, ವಿಭೂತಿ, ಇಂಥವು ತಮ್ಮ ಶಾಖವನ್ನು ಧಾರಾಳವಾಗಿ ಕಿರಣ ಮಾಡಿ ಹೊರಗೆ ಬಿಡುತ್ತವೆ. ಹೊಳೆಯುವ ಲೋಹ ಮಹಾ ಜಿಪುಣ. ತನ್ನದನ್ನು ಬಿಡುವುದು ಅಲ್ಪ, ಎದುರಿಗಿದ್ದವರದ್ದನ್ನು ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುವುದೇ ಹೆಚ್ಚು. ಗನ್ನಿಗೆ ಇದು ಗೊತ್ತಾಗುವುದಿಲ್ಲ. ಬಂದದ್ದನ್ನೆಲ್ಲ ಡಬರಿಯ ಖಾತೆಗೇ ಜಮಾ ಮಾಡುತ್ತದೆ. ಡಬರಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದವರು ಯಾರು? ನಾನು. ಅಂದರೆ ಡಬರಿಯ ಜ್ವರ ನೋಡಲು ಹೋಗಿ ಹೆಚ್ಚಾಗಿ ನನ್ನ ಜ್ವರವನ್ನೇ ನೋಡಿಕೊಂಡಿದ್ದೆ! ಕುದಿಯುವಂಥ ಹಾಲಿಗೆ ಹೆಪ್ಪು ಸುರಿದು, ಮೊಸರು ಮಾಡುವ ಪಾಪದ ಜೀವಾಣುಗಳನ್ನೆಲ್ಲ ಬೇಯಿಸಿ, ಮೇಲೆ ಸೀರೆ ಹೊದಿಸಿ ಮಲಗಿಸಿದ್ದೆ.

ಇದನ್ನು ಸುಮಾಳಿಗೆ ವಿವರಿಸಿದೆ.

"ಹಂಗಾದ್ರೆ ಸುಲಭ ಆಯ್ತಲ್ಲ," ಎಂದಳು. "ವಿಭೂತಿಗೇ ಹಿಡೀತಾ ಇರಿ. ಅದು ನಲವತ್ತಕ್ಕೆ ಇಳಿದಾಗ ಹೆಪ್ಪು ಹಾಕೋಣ."

ನನ್ನ ಹೆಂಡತಿ ಹೇಳಿದ್ದು ನೂರಕ್ಕೆ ನೂರು ಸರಿ. ಅಷ್ಟು ಸರಿಯಾದ ಮಾತನ್ನು ನಾನು ಹೇಳಬೇಕಾಗಿತ್ತು. ಅವಳು ಹೇಳಿಬಿಟ್ಟಿದ್ದರಿಂದ ಒಪ್ಪಲು ಸಾಧ್ಯವಾಗಲಿಲ್ಲ.

"ಒಮ್ಮೆ ಸುಳ್ಳು ಹೇಳಿದ ಸಾಕ್ಷಿಯನ್ನು ಮತ್ತೆ ಕಟಕಟೆಗೆ ಕರೆಯುವಂತಿಲ್ಲ," ಎಂದು ಗನ್ನನ್ನು ತಕ್ಷಣದಿಂದ ಜಾರಿಗೆ ಬರುವಂತೆ ಅಮಾನತಿನಲ್ಲಿಟ್ಟೆ. "ಮುಟ್ಟಿ ನೋಡುವ ಉಪಕರಣ ಬೇಕು. ಅತ್ತೆ, ಮನೇಲಿ ಜ್ವರ ನೋಡೋ ಗಾಜಿನ ಕಡ್ಡಿ ಇದೆಯಾ?"

ಇತ್ತು. ಮಾತ್ರೆ ಡಬ್ಬಿಯ ತಳದಲ್ಲಿ, ಯಾರದ್ದೋ ಹಳೇ ಜ್ವರ ನೂರಾ ಮೂರರಲ್ಲಿ ಹಾಗೇ ನಿಂತಿತ್ತು. ಅದರ ಕತ್ತಿನಲ್ಲಿ ಒಂದು ಕಿರಿದಾದ ತಿರುವು ಇರುತ್ತದೆ. ಏರಿದ ಪಾದರಸ ತಾನಾಗಿ ಇಳಿಯುವುದಿಲ್ಲ, ಒದರಿ ಇಳಿಸಬೇಕು. ಇದು ನನಗೆ ಗೊತ್ತಿತ್ತು! ವೈದ್ಯರ ಗತ್ತಿನಲ್ಲಿ ಮಣಿಕಟ್ಟು ತಿರುಗಿಸಿ ಒದರಿದೆ. ಮುಳುಗಿ ಹೋಗದಿರಲೆಂದು ದಾರ ಕಟ್ಟಿದೆ. ಅತ್ತೆಗೆ ಪಾಠವನ್ನೂ ಮಾಡಿದೆ.

"ನೋಡಿ ಅತ್ತೆ, ಇದರಲ್ಲಿ ಮೋಸ ಇಲ್ಲ. ಬಿಸಿ ತಗುಲಿದರೆ ಪಾದರಸ ಹಿಗ್ಗುತ್ತೆ. ಹಿಗ್ಗಿದ್ದು ಸಣ್ಣ ಕೊಳವೆಯಲ್ಲಿ ಮೇಲೇರುತ್ತೆ. ಎಷ್ಟು ಬಿಸಿಯೋ ಅಷ್ಟು ಎತ್ತರ."

"ಬಾಳ ಬಿಸಿ ಇದ್ರೆ?"

"ಬಾಳ ಎತ್ತರ!"

ಕೊಳವೆಯೇ ಮುಗಿದುಹೋದರೆ ಎಲ್ಲಿಗೆ ಏರಬೇಕು ಎಂದು ಅತ್ತೆ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಮನುಷ್ಯರ ಜ್ವರಕ್ಕೆಂದು ಮಾಡಿದ ಕಡ್ಡಿ ಅದು. ಅದರ ಫ್ಯಾರನ್‌ಹೀಟ್ ಲೆಕ್ಕದ ನೂರಾ ಎಂಟರ ಆಚೆ, ಅಂದರೆ ನನ್ನ ಗನ್ನಿನ ಲೆಕ್ಕದಲ್ಲಿ ಬರೀ ನಲವತ್ತೆರಡರ ಆಚೆ, ಮನುಷ್ಯನೇ ಇರುವುದಿಲ್ಲವೆಂದು ಅಲ್ಲಿಗೇ ಗಾಜು ಮುಚ್ಚಿರುತ್ತಾರೆ. ಅದನ್ನು ಹಬೆಯಾಡುವ ಹಾಲಿಗೆ ಇಳಿಬಿಟ್ಟೆ.

ಟಿಕ್!

ದಾರ ಎಳೆದೆ. ಮೇಲೆ ಬಂದದ್ದು ಮುಕ್ಕಾಲು ಕಡ್ಡಿ. ತುದಿಯ ಬುರುಡೆ ಒಡೆದುಹೋಗಿತ್ತು. ಗಾಜೂ ಪಾದರಸವೂ ಹಾಲಿನ ತಳದಲ್ಲಿ!

"ಯಾರೂ ಮುಟ್ಟಬೇಡಿ!" ಎಂದು ನಾನು ಕಿರುಚಿದ ದನಿಗೆ ಪಕ್ಕದ ಮನೆಯ ಕೋಳಿಗಳು ಗೋಡೆ ಹಾರಿದವು.

"ಅಯ್ಯೋ, ಇಷ್ಟೊಂದ್ ಹಾಲು! ಸೋಸಿದ್ರೆ ಆಗಕಿಲ್ವಾ? ಇಲ್ದಿದ್ರೆ ಪಕ್ಕದ ಮನೆ ಎಮ್ಮೆಗಾದ್ರೂ ಉಯ್ಯಾನ ಬುಡಿ," ಎಂದರು ಅತ್ತೆ.

"ಎಮ್ಮೆಗೂ ಬೇಡ, ನಾಯಿಗೂ ಬೇಡ! ಪಾದರಸ ವಿಷ ಅತ್ತೆ!" ಎಂದು ತಟ್ಟೆ ಮುಚ್ಚಿ, ಹಗ್ಗ ಬಿಗಿದು, ಡಬರಿಯ ಪಕ್ಕದಲ್ಲೇ ಕಾವಲು ಕೂತೆ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ. ಆದ್ದರಿಂದ ಅದನ್ನು ಬಿಟ್ಟೇಳಲು ಮನಸ್ಸಿರಲಿಲ್ಲ.

ಸುಮಾ ಬಕೆಟ್ಟು ತಂದು ಎದುರಿಗಿಟ್ಟಳು. "ಡಬರಿ ಓಡಿ ಹೋಗಲ್ಲ. ಏಳಿ. ಡೇರಿ ಮುಚ್ಚಿದೆ, ಊರಲ್ಲಿ ಎರಡು ಮದುವೆ ಇದ್ದು ಪ್ಯಾಕೆಟ್ಟೂ ಸಿಕ್ತಿಲ್ಲ, ಸಿಕ್ಕಿದ್ರೂ ಪವಿತ್ರಾ ತಿನ್ನಲ್ಲ. ಬೀದಿಯಲ್ಲಿ ಮನೆಮನೆಗೂ ಹೋಗಿ ಮೊಸರು ಕೇಳಿಕೊಂಡು ಬನ್ನಿ."

"ನಾನಾ? ಈ ಮನೆ ಅಳಿಯ ನಾನು!"

"ಗೊತ್ತು. ಅದಕ್ಕೇ ಕೊಡ್ತಾರೆ."

ಮೊದಲನೇ ಮನೆಯಲ್ಲಿ ಜಗಲಿಯ ಮೇಲೆ ಕೂತಿದ್ದ ಹಿರಿಯರಿಗೆ ಹೊಳೆಯುವ ಲೋಹದ ಗುಣದೋಷಗಳನ್ನು ಸವಿಸ್ತಾರವಾಗಿ ತಿಳಿಸಿದೆ. ಅವರು ಕೊನೆಯವರೆಗೂ ಕೇಳಿ, "ಈಗ ನಿಂಗೆ ಏನ್ ಬೇಕ್ಲಾ?" ಎಂದರು. ಎರಡನೇ ಮನೆಯಲ್ಲಿ ಪಾದರಸದಿಂದ ಶುರು ಮಾಡಿದೆ. ಮೂರನೇ ಮನೆಯ ಹೊತ್ತಿಗೆ ನನ್ನ ಭಾಷಣ ಬಹಳ ಚಿಕ್ಕದಾಗಿತ್ತು: "ಮೊಸರು ಹಾಳು ಮಾಡಿದೆ. ಒಂದು ಬಟ್ಟಲು ಕೊಡಿ."

ಅಲ್ಲಿಂದ ಮುಂದೆ ಕೇಳುವ ಅಗತ್ಯವೇ ಬೀಳಲಿಲ್ಲ. ಸುದ್ದಿ ನನಗಿಂತ ಮುಂದೆ ಓಡುತ್ತಿತ್ತು. ಮೂಲೆ ಮನೆಯ ನೂರ್‌ಜಾನ್, ಸಿರಾದಿಂದ ಮದುವೆಯಾಗಿ ಬಂದವರು, ಬಾಗಿಲಲ್ಲೇ ಪಾತ್ರೆ ಹಿಡಿದು ನಿಂತಿದ್ದರು.

"ಅರೇ ಭಾಯ್, ಥರ್ಮಾಮೀಟರ್ ಹಾಲಲ್ಲಿ ಹಾಕಿದ್ರಂತೆ? ಹಾಲಿಗೆ ಬುಖಾರ್ ಇತ್ತಾ?" ಎಂದು ನಕ್ಕು, ಪಾತ್ರೆಯಲ್ಲಿದ್ದ ದಹಿಯನ್ನೆಲ್ಲ ಬಕೆಟ್ಟಿಗೆ ಬಗ್ಗಿಸಿದರು. "ಪವಿತ್ರಾಗೆ ಹೇಳಿ, ಪೂರಾ ಹೊಟ್ಟೆ ತುಂಬ ತಿನ್ಬೇಕು ಅಂತ."

ಹುಳಿ ಮೊಸರು, ಸಿಹಿ ಮೊಸರು, ಗಟ್ಟಿ, ನೀರು, ಎಲ್ಲವೂ ಬಕೆಟ್ಟಿನಲ್ಲಿ ಒಂದಾದವು. ಹಸಿಮೆಣಸಿನಕಾಯಿ ಸಮೇತ ಕೊಟ್ಟವರೂ ಇದ್ದರು. ಅತ್ತೆ ಅದಕ್ಕೆ ಕಾಫಿಗೆಂದು ಕಾಯಿಸಿ ಎತ್ತಿಟ್ಟಿದ್ದ ಹಾಲು, ಶುಂಠಿ, ಕೊತ್ತಂಬರಿ ಸೇರಿಸಿ ಅನ್ನ ಕಲಸಿಸಿದರು.

ಆರತಿಯಾಯಿತು, ಮಡಿಲು ತುಂಬಿದರು, ಎಲೆ ಹಾಕಿದರು. ಪವಿತ್ರಾ ಒಂದು ತುತ್ತು ಬಾಯಿಗಿಟ್ಟಳು. ನಾನು ಕಂಬಕ್ಕೆ ಆತುಕೊಂಡು ನೋಡುತ್ತಿದ್ದೆ. ಅತ್ತೆ ನೋಡುತ್ತಿದ್ದರು. ಅವಳು ನುಂಗಿದಳು. ಇನ್ನೊಂದು ತುತ್ತು. ಇನ್ನೊಂದು. ಎಲೆಯಲ್ಲಿದ್ದದ್ದು ಮುಗಿಸಿ ತಲೆಯೆತ್ತಿ, "ಅಮ್ಮ, ಇನ್ನಷ್ಟು ಬಡಿಸು," ಎಂದಳು. ಅತ್ತೆ ಬ್ಯಾಂಡೇಜಿನ ಬೆರಳಿನಲ್ಲೇ ಕಣ್ಣೊರೆಸಿಕೊಂಡರು. ನನಗೂ ಕಣ್ಣಿಗೆ ಏನೋ ಬಿತ್ತು.

ಪವಿತ್ರಾಳ ಅತ್ತೆ, ಪಾವಗಡದ ನಾಗಲಕ್ಷ್ಮಮ್ಮ, ಎರಡನೇ ಸಲ ಬಡಿಸಿಕೊಂಡು ಚಪ್ಪರಿಸಿ, ಆ ಸೀಮೆಯ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು.

"ಅಬ್ಬಬ್ಬ, ಏಮಿ ಮೊಸರಮ್ಮ ಇದಿ! ಇಂಥ ರುಚಿ ನಾ ನೋಡೇ ಇಲ್ಲ. ಎವರು ಹೆಪ್ಪು ಹಾಕಿದ್ದು?"

ಬಡಿಸುತ್ತಿದ್ದ ಬೀದಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಅತ್ತೆ ನನ್ನ ಕಡೆ ಒಮ್ಮೆ ನೋಡಿದರು.

"ನಮ್ಮ ಅಳಿಯಂದ್ರು," ಎಂದರು. ಮುಖ ಸ್ವಲ್ಪವೂ ಅಲುಗಲಿಲ್ಲ.

ಆ ತಾಯಿಯ ದೊಡ್ಡ ಮನಸ್ಸಿಗೆ ನಾನು ಕಂಬದ ಹಿಂದಿನಿಂದಲೇ ಕೈ ಮುಗಿದೆ.

"ಹಂಗಾದ್ರೆ ಮಗು ನಾಮಕರಣಕ್ಕೆ ಪಾವಗಡಕ್ಕೆ ಮೀರೇ ಬರ್ಬೇಕು," ಎಂದರು ನಾಗಲಕ್ಷ್ಮಮ್ಮ. "ಊರಿಗೆಲ್ಲ ಊಟ. ಮೊಸರಿನ ಜವಾಬ್ದಾರಿ ಮೊತ್ತಂ ನಿಮ್ದೇ!"

ಇಲ್ಲಿ ಯಾವುದೇ ಬುದ್ಧಿವಂತ ನಯವಾಗಿ ತಪ್ಪಿಸಿಕೊಳ್ಳುತ್ತಿದ್ದ. ಸುಮಾ ನನ್ನ ಕಾಲನ್ನು ಬಲವಾಗಿ ತುಳಿದಳು ಕೂಡ. ಆದರೆ ಬೆಳಗಿನಿಂದ ನನ್ನನ್ನು ಒಬ್ಬರೂ ಹೊಗಳಿರಲಿಲ್ಲ.

"ಅದಕ್ಕೇನಂತೆ!" ಎಂದುಬಿಟ್ಟೆ.

ಕೊರಟಗೆರೆಗೆ ಹೊರಟ ಬಸ್ಸಿನಲ್ಲಿ ಸುಮಾ ಟಿಕೆಟ್ಟನ್ನು ಮಡಿಸಿ ಪರ್ಸಿಗೆ ಹಾಕಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: "ಮಧುಗಿರಿಲಾದ್ರೆ ಬೀದಿಯವರೆಲ್ಲ ನಮ್ಮೋರು. ಪಾವಗಡದಲ್ಲಿ ನಿಮಗೆ ಯಾರ್ರೀ ಗೊತ್ತು?"

ನ್ಯಾಯವಾದ ಪ್ರಶ್ನೆ. ಆದ್ದರಿಂದ ಈಗ ಭಾನುವಾರ ಅಂಗಡಿ ಮುಚ್ಚಿ ಪಾವಗಡದ ಬಸ್ಸು ಹತ್ತುತ್ತೇನೆ. ಬೀಗರ ಬೀದಿಯಲ್ಲಿ ಈ ತುದಿಯಿಂದ ಆ ತುದಿಯವರೆಗೆ ನಡೆದು, ಸಿಕ್ಕವರಿಗೆಲ್ಲ ನಮಸ್ಕಾರ ಹಾಕಿ, "ಬಾಗುನ್ನಾರಾ?" ಎಂದು ವಿಚಾರಿಸಿ, ಮಕ್ಕಳಿಗೆ ಪೆನ್ಸಿಲ್ ಕೊಟ್ಟು ಬರುತ್ತೇನೆ. ನಾನು ಮುಂದಿನ ಚುನಾವಣೆಗೆ ನಿಲ್ಲುತ್ತೇನೆಂದು ಅಲ್ಲಿ ಸುದ್ದಿಯಾಗಿದೆಯಂತೆ. ಕಳೆದ ವಾರ ಒಬ್ಬರು ಕೈ ಹಿಡಿದು, "ನಮ್ಮ ಮನೆ ಓಟೆಲ್ಲ ನಿಮಗೇ ಅಣ್ಣಾ," ಎಂದು ಮಾತು ಕೊಟ್ಟರು.

ನನಗೆ ಓಟು ಬೇಡ ಸ್ವಾಮಿ. ಮನೆಗೊಂದು ಬಟ್ಟಲು ಮೊಸರು ಕೊಟ್ಟರೆ ಸಾಕು!