ಕೆಂಪು ಗೆರೆಯ ಕೆಳಗೆ

ಅಳತೆ ಸಾಮಾನು ಮಾರುವವನು ತಮಾಷೆ ಹುಡುಕಿಕೊಂಡು ಹೋಗಬೇಕಾಗಿಲ್ಲ; ಒಂದೇ ವಸ್ತುವನ್ನು ಇಬ್ಬರು ಅಳೆಯಲು ಕೂತರೆ ಅದು ತಾನಾಗಿಯೇ ಆಗುತ್ತದೆ.

ತುಮಕೂರಿನ ಬಟವಾಡಿಯಲ್ಲಿ ನನ್ನ ಅಂಗಡಿ. ಮೂವತ್ತು ವರ್ಷದಿಂದ ವರ್ನಿಯರ್, ಮೈಕ್ರೋಮೀಟರ್, ಡ್ರಿಲ್ ಬಿಟ್ಟು ಮಾರುತ್ತಿದ್ದವನಿಗೆ ಒಂದು ಕಂಪನಿಯವರು ಲೇಸರ್ ಪ್ರೊಫೈಲ್ ಸೆನ್ಸರಿನ ಏಜೆನ್ಸಿ ಕೊಟ್ಟರು. ಊಟದ ಡಬ್ಬಿಯಷ್ಟು ಪೆಟ್ಟಿಗೆ. ಅದರಿಂದ ಕೆಂಪು ಬೆಳಕಿನ ಗೆರೆಯೊಂದು ಮಾಲಿನ ಮೇಲೆ ಬೀಳುತ್ತದೆ. ಮಾಲು ಉಬ್ಬಿದ್ದರೆ ಗೆರೆ ಉಬ್ಬುತ್ತದೆ, ತಗ್ಗಿದ್ದರೆ ತಗ್ಗುತ್ತದೆ. ಒಳಗಿನ ಕ್ಯಾಮೆರಾ ಅದನ್ನು ನೋಡಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹೇಳುತ್ತದೆ. ಡೆಮೋಗೆ ಒಂದು ಪೆಟ್ಟಿಗೆ ಕೊಟ್ಟು ಷರತ್ತನ್ನೂ ಹಾಕಿದರು: ಆಯುಧಪೂಜೆಯೊಳಗೆ ಒಂದಾದರೂ ಮಾರಬೇಕು, ಇಲ್ಲದಿದ್ದರೆ ಏಜೆನ್ಸಿ ಹಾಸನದವರ ಪಾಲು.

ತಟ್ಟೆ ಇಡ್ಲಿ

ಮಾರುವ ಮುಂಚೆ ಅದು ಹೇಗೆ ನೋಡುತ್ತದೆ ಅಂತ ನನಗೇ ತಿಳಿಯಬೇಕಿತ್ತು. ಮನೆಗೆ ತಂದು, ಬೆಳಿಗ್ಗೆ ನನ್ನ ಹೆಂಡತಿ ಮುಂದಿಟ್ಟ ತಟ್ಟೆ ಇಡ್ಲಿಯ ಮೇಲೇ ಗೆರೆ ಹಾಯಿಸಿದೆ. ಲ್ಯಾಪ್‌ಟಾಪಿನಲ್ಲಿ ಇಡ್ಲಿ ಗುಡ್ಡದ ಹಾಗೆ ಎದ್ದು ನಿಂತಿತು. ಎಷ್ಟು ಚೆಂದ ಅನ್ನಿಸಿ, ಅವಳನ್ನು ಕರೆದು ತೋರಿಸಿದೆ. ನಡುವೆ ಮೂರು ಮಿಲಿಮೀಟರ್ ಉಬ್ಬು, ಎಡಗಡೆ ಸ್ವಲ್ಪ ತಗ್ಗು ಎಂದೂ ವಿವರಿಸಿದೆ.

ಅವಳು ಎಲ್ಲ ಕೇಳಿಸಿಕೊಂಡು ತಟ್ಟೆ ಎತ್ತಿಕೊಂಡಳು. "ರಿಜೆಕ್ಟ್ ಆಗಿರೋ ಮಾಲು ನಿಮಗ್ಯಾಕೆ ಬಿಡಿ" ಅಂತ ಅಲ್ಲೇ ಕೂತು ಚಟ್ನಿ ಹಾಕಿಕೊಂಡು ತಿಂದಳು.

ಕೊಬ್ಬರಿ

ಸಿ.ಎಸ್. ಪುರದ ಕೊಬ್ಬರಿ ವ್ಯಾಪಾರಿಯೊಬ್ಬರು ಅಂಗಡಿಗೆ ಬಂದಿದ್ದರು, ಹಳೇ ಪರಿಚಯ. ಪೆಟ್ಟಿಗೆಯನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿ, ಕಾಯಿ ಒಡೆಯದೆ ಒಳಗಿನ ಕೊಬ್ಬರಿ ಕೆಟ್ಟಿದೆಯೋ ಇಲ್ಲವೋ ಹೇಳುತ್ತದಾ ಅಂದರು. ಸುಳ್ಳು ಹೇಳಿ ಮಾರಿದರೆ ನಾಳೆ ಅವರೇ ತಂದು ಮೇಜಿನ ಮೇಲೆ ಇಡುತ್ತಾರೆ. ಇದು ಹೊರಮೈ ಮಾತ್ರ ನೋಡುತ್ತದೆ ಎಂದೆ.

"ಹೊರಗಡೆ ನೋಡಕ್ಕೆ ನಂಗೆ ಕಣ್ಣಿಲ್ವ ಯಜಮಾನ್ರೆ? ಬುಡಿ ಅತ್ಲಾಗೆ" ಅಂದರು.

ಎದ್ದು ಹೊರಟವರು, ಬೆಲೆ ಎಷ್ಟಿರಬಹುದು ಅಂತ ಚೀಟಿ ಓದಲು ನನ್ನ ಕನ್ನಡಕ ಕೇಳಿದರು.

ಕಂಬಳಿ

ಗುಬ್ಬಿಯ ವರ್ಕ್‌ಶಾಪಿನಲ್ಲಿ ಡೆಮೋ. ತಗಡಿನ ಮಾಡಿನ ಕಿಂಡಿಯಿಂದ ಬಿಸಿಲು, ಕೆಳಗೆ ಫಳಫಳ ಹೊಳೆಯುವ ಪಾರ್ಟು. ಅಷ್ಟು ಬೆಳಕಿನಲ್ಲಿ ಕ್ಯಾಮೆರಾಗೆ ಗೆರೆಯೇ ಸಿಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಬರೀ ಚುಕ್ಕಿ. ಮಾಲೀಕರು ವಾಚ್‌ಮನ್ನಿನ ಕಂಬಳಿ ತರಿಸಿದರು. ಸೆನ್ಸರು, ಲ್ಯಾಪ್‌ಟಾಪು, ಅವರು, ನಾನು, ಎಲ್ಲ ಸೇರಿ ಅದರೊಳಗೆ ತೂರಿಕೊಂಡೆವು. ಗೆರೆ ಚೆನ್ನಾಗಿ ಬಂತು. ಅಷ್ಟರಲ್ಲಿ ಅವರ ಮನೆಯವರು ಊಟ ತಂದಿರಬೇಕು, ಏನು ಮಾಡ್ತಿದೀರಿ ಅಂತ ಹೊರಗಿಂದ ದನಿ ಕೇಳಿತು.

"ಬೆಳಕು ನೋಡ್ತಿದೀವಿ ಕಣೇ" ಅಂದರು ಮಾಲೀಕರು, ಒಳಗಿಂದಲೇ.

ನಾವು ಹೊರಬಂದಾಗ ಆಕೆ ಡಬ್ಬಿಯ ಸಮೇತ ವಾಪಸ್ ಹೋಗಿದ್ದರು. ಆವತ್ತು ಮಾರಾಟವಾದದ್ದು ಎರಡು ಡ್ರಿಲ್ ಬಿಟ್ಟು.

ಅಪ್ಪನ ಪೀಸು

ಆಯುಧಪೂಜೆಗೆ ಐದು ದಿನ ಉಳಿದಿತ್ತು. ಕುಣಿಗಲ್ಲಿನ ಕಾರ್ಖಾನೆಯೊಂದರಿಂದ ಕರೆ ಬಂತು. ಮೋಟಾರ್ ಪಂಪಿಗೆ ಹಾಕುವ ತಗಡಿನ ಮುಚ್ಚಳ ಒತ್ತುವವರು. ಅಂಚು ಸೊಟ್ಟ ಅಂತ ಅವರ ಮಾಲು ಎರಡು ಸಲ ವಾಪಸ್ ಬಂದಿತ್ತು. ಅವರಿಗೂ ಅವಸರ, ನನಗೂ ಅವಸರ.

ಮೊದಲು ಒಂದು ಒಳ್ಳೆಯ ಪೀಸ್ ತೋರಿಸಿದರೆ ಸೆನ್ಸರು ಅದನ್ನು ನೆನಪಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸುತ್ತದೆ, ಸರಿಯಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು ಎಂದೆ. ಮಾಲೀಕರು ಒಳಗೆ ಹೋಗಿ, ದೇವರ ಫೋಟೋದ ಪಕ್ಕದಿಂದ ಒಂದು ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಅವರ ತಂದೆ ಒತ್ತಿದ ಮೊಟ್ಟಮೊದಲ ಪೀಸು. ವಿಭೂತಿ ಒರೆಸಿ ಸೆನ್ಸರಿಗೆ ತೋರಿಸಿದೆ.

ಆಮೇಲೆ ಬರೀ ಕೆಂಪು. ನೂರಕ್ಕೆ ನೂರು ಕೆಂಪು. ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಹಸಿರು ಬಂತು; ಅದು ಬೆಳಿಗ್ಗೆ ಲೋಡಿಂಗಿನವನು ಕೆಳಗೆ ಬೀಳಿಸಿ, ಮೇಲೆ ಕಾಲಿಟ್ಟಿದ್ದ ಪೀಸು. ಮಾಲೀಕರ ಮುಖವೂ ದೀಪದ ಬಣ್ಣಕ್ಕೆ ತಿರುಗಿತು. ಹಾಸನದವರು ಕಣ್ಣ ಮುಂದೆ ಬಂದರು.

ಮೂಲೆಯಲ್ಲಿ ಚೆಕಿಂಗ್ ಮಾಡುವ ಹೆಂಗಸು ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅವಳದು ಹೆಬ್ಬೆರಳ ಅಳತೆ. ಅಂಚಿನ ಮೇಲೆ ಒಂದು ಸಲ ಸವರಿದರೆ ಮುಗಿಯಿತು; ಆದರೆ ದಿನದ ಮಾಲಿನಲ್ಲಿ ಅವಳ ಕೈಗೆ ಬರುತ್ತಿದ್ದದ್ದು ಹತ್ತಕ್ಕೆ ಒಂದು. ಏನಮ್ಮ ವಿಷಯ ಅಂದೆ.

"ಅಪ್ಪಾರ ಪೀಸು ಸೊಟ್ಟ ಐತೆ. ಹದಿನೈದು ವರ್ಷದಿಂದ ಒರೆಸ್ತಿದೀನಿ, ನಂಗೊತ್ತಿಲ್ವ?" ಅಂದಳು. "ಪೂಜೆ ಮಾಡೋದನ್ನ ರಿಜೆಕ್ಟ್ ಮಾಡಕ್ಕಾಯ್ತದಾ?"

ಅವಳು ಆರಿಸಿಕೊಟ್ಟ ಬೇರೆ ಪೀಸ್ ತೋರಿಸಿದ ಮೇಲೆ ಎಲ್ಲ ಸರಿಹೋಯಿತು. ಅವಳ ಹೆಬ್ಬೆರಳು ಬೇಡ ಅಂದದ್ದಕ್ಕೇ ಕೆಂಪು, ಬೇಕು ಅಂದದ್ದಕ್ಕೆ ಹಸಿರು. ಕೊನೆಗೆ ಮಾಲೀಕರು ಅಪ್ಪನ ಪೀಸನ್ನೂ ಸೆನ್ಸರಿನ ಕೆಳಗಿಟ್ಟರು. ಕೆಂಪು.

"ನಮ್ಮಪ್ಪನ್ನ ಫೇಲ್ ಮಾಡೋ ಮಿಷಿನ್ ನಮಗ್ ಬೇಡ" ಅಂದರು.

ಅಂಗಡಿ ಇಟ್ಟವನು ಸುಮ್ಮನೆ ಎದ್ದು ಬರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಸೆಟ್ಟಿಂಗ್ ಮಾಡಿ 'ಅಪ್ಪಾಜಿ' ಅಂತ ಹೆಸರಿಟ್ಟೆ. ಅದರಲ್ಲಿ ಆ ಪೀಸೇ ಸರಿ, ಉಳಿದದ್ದೆಲ್ಲ ಸೊಟ್ಟ. ಹಸಿರು ದೀಪ ಹತ್ತಿತು. ಮಾಲೀಕರು ಕೈಮುಗಿದು, ಪೆನ್ನು ಕೇಳಿದರು. ಏಜೆನ್ಸಿ ಉಳಿಯಿತು.

ಅಲ್ಲಿಂದ ಮುಂದೆ ಅವರಲ್ಲಿ ಅದೊಂದು ಪದ್ಧತಿ. ಆಯುಧಪೂಜೆಯ ದಿನ ಅಪ್ಪನ ಪೀಸನ್ನು ಸೆನ್ಸರಿನ ಕೆಳಗಿಟ್ಟು, ಹಸಿರು ಬಂದ ಮೇಲೇ ತೆಂಗಿನಕಾಯಿ ಒಡೆಯುವುದು.

ಹೋದ ವರ್ಷ ಪೂಜೆಯ ಹೊತ್ತಿಗೆ ಸರಿಯಾಗಿ ಮಾಲೀಕರ ಫೋನು. "ಯಜಮಾನ್ರೆ, ಅಪ್ಪ ಫೇಲಾಗವ್ರೆ. ಜನ ಎಲ್ಲ ಕಾಯಿ ಹಿಡ್ಕೊಂಡ್ ನಿಂತವ್ರೆ, ಬೇಗ ಬನ್ನಿ."

ಪೀಸಿಗೆ ವಿಭೂತಿ ಹಚ್ಚಿದ್ದೀರಾ ಅಂತ ಕೇಳಿದೆ. ಮೂರು ಪಟ್ಟೆ, ದಪ್ಪಕ್ಕೆ ಎಂದರು. ಒರೆಸಿ ಇಡಿ ಎಂದೆ.

ಫೋನಿನಲ್ಲೇ ತಗಡು ಒರೆಸುವ ಸದ್ದು ಕೇಳಿತು. ಆಮೇಲೆ ಕಾಯಿ ಒಡೆದ ಸದ್ದು, ಅದರ ಹಿಂದೆಯೇ ಆ ಚೆಕಿಂಗ್ ಹೆಂಗಸಿನ ದನಿ:

"ಹೋಗ್ಲಿ ಬುಡಿ, ಅಪ್ಪಾರು ಎರಡನೇ ಸಲಕ್ಕೆ ಪಾಸಾದ್ರು."