ಬಸ್ಸಿದ್ದೂ ನಡೆಯುವವಳು

ವ್ಯಾಯಾಮ ಮಾಡಬೇಕೆಂದು ನಿರ್ಧರಿಸುವುದು ನನಗೆ ಎಂದೂ ಕಷ್ಟವಾಗಿಲ್ಲ. ಆ ಕೆಲಸವನ್ನು ನಾನು ಬಹಳ ಸಲ, ಬಹಳ ಅಚ್ಚುಕಟ್ಟಾಗಿ ಮಾಡಿದ್ದೇನೆ. ನಿರ್ಧರಿಸಿದ ದಿನ ಮೈ ಎಷ್ಟು ಹಗುರವಾಗುತ್ತದೆಂದರೆ, ಇನ್ನು ವ್ಯಾಯಾಮವೇ ಬೇಡ ಅನಿಸುವಷ್ಟು. ತೊಂದರೆ ಇರುವುದು ಮರುದಿನ ಬೆಳಿಗ್ಗೆ. ದೋಸೆ ಹುಯ್ಯಬೇಕು, ಇವರ ಮತ್ತು ನನ್ನ ಬುತ್ತಿ ಕಟ್ಟಬೇಕು, ಮೂಡುಬಿದಿರೆಯ ಬಸ್ಸು ಹಿಡಿಯಬೇಕು. ನಾನೊಂದು ಕಾಲೇಜಿನ ಗ್ರಂಥಪಾಲಕಿ. ಪುಸ್ತಕಗಳ ನಡುವೆ ಓಡಾಡುವ ಕೆಲಸವೆಂದು ಜನ ಭಾವಿಸುತ್ತಾರೆ. ಓಡಾಡುವುದು ಪುಸ್ತಕಗಳು, ನಾನು ಕುರ್ಚಿಯಲ್ಲಿ ಕೂತು ಅವು ಎಲ್ಲಿಗೆ ಹೋದವೆಂದು ಕಂಪ್ಯೂಟರಿನಲ್ಲಿ ನೋಡುತ್ತಿರುತ್ತೇನೆ. ಈ ವರ್ಷ ತಪಾಸಣಾ ಸಮಿತಿ ಬರುವುದಿತ್ತು, ಹಾಗಾಗಿ ಊಟಕ್ಕೂ ಕುರ್ಚಿ ಬಿಟ್ಟು ಏಳದ ದಿನಗಳಿದ್ದವು.

ಹೀಗಿರುವಾಗ ಮಳೆಗಾಲದ ಮೊದಲು ರಕ್ತಪರೀಕ್ಷೆಯ ವರದಿ ಬಂತು. ಡಾಕ್ಟರು ಕಾಗದವನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾಗದವನ್ನು ನೋಡಿದರು. "ಸಕ್ಕರೆ ಬಾಗಿಲಿಗೆ ಬಂದು ನಿಂತಿದೆ ಮೇಡಂ. ಮೂರು ತಿಂಗಳು ದಿನಾ ನಡೆಯಿರಿ. ಇಳಿದರೆ ಒಳ್ಳೆಯದು. ಇಲ್ಲದಿದ್ರೆ ಮಾತ್ರೆ ಶುರು ಮಾಡುವ" ಎಂದರು. ಅವರು 'ಮಾಡುವ' ಎಂದದ್ದು ಇಬ್ಬರೂ ಸೇರಿ ಎಲ್ಲಿಗೋ ಹೊರಟ ಹಾಗೆ ಕೇಳಿಸಿತು.

ನನಗೆ ಮಾತ್ರೆಯೆಂದರೆ ಹೆದರಿಕೆ ಇರುವುದಕ್ಕೆ ಕಾರಣ ನನ್ನ ಅಪ್ಪ. ಅವರಿಗೆ ಮೊದಲು ಮಾತ್ರೆ, ಆಮೇಲೆ ಇಂಜೆಕ್ಷನ್, ಕೊನೆಗೆ ಎಡಗಾಲಿನ ಎರಡು ಬೆರಳು ತೆಗೆದರು. ಬಂಟ್ವಾಳದ ಮನೆಯಲ್ಲಿ ಅವರು ಆ ಕಾಲನ್ನು ಸ್ಟೂಲಿನ ಮೇಲಿಟ್ಟು, ಅದು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಿರುತ್ತಿದ್ದರು. ಅದಕ್ಕೆ ಮೊದಲು ಅವರು ಚೆನ್ನಾಗಿ ನಡೆಯುತ್ತಿದ್ದರೆಂದೇ ನನ್ನ ನೆನಪು. ಕೊಡೆ ಹಿಡಿದು ಸೇತುವೆಯ ಮೇಲೆ ಬೀಸಾಗಿ ಬರುತ್ತಿರುವ ಅಪ್ಪನನ್ನು ನಾನು ಈಗಲೂ ಕಾಣಬಲ್ಲೆ. ಆದರೆ ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ; ಅದಕ್ಕೆ ಅಣ್ಣನಿಗೆ ಫೋನು ಮಾಡಿ ಕೇಳಿದೆ. "ಅಪ್ಪನಾ? ನಡೆದದ್ದಾ? ನಿನಗೆ ಮರುಳಾ? ಪೇಟೆಗೆ ಹೋಗ್ಲಿಕ್ಕೂ ರಿಕ್ಷಾ ಬೇಕಿತ್ತು ಅವರಿಗೆ" ಎಂದ ಅಣ್ಣ. ನನ್ನ ನೆನಪು ನಿಜವಾದರೆ ಅಪ್ಪ ದೊಡ್ಡ ನಡಿಗೆಗಾರರು, ಆದರೆ ನಡಿಗೆಯಿಂದ ಏನೂ ಪ್ರಯೋಜನವಿಲ್ಲ. ಅಣ್ಣ ಹೇಳಿದ್ದು ನಿಜವಾದರೆ ನನಗೆ ಇನ್ನೂ ಆಸೆ ಉಂಟು. ಅಣ್ಣನ ಮಾತೇ ಸರಿಯಾಗಿರಲಿ ಎಂದು ನಾನು ಬಯಸಿದ್ದು ಜೀವನದಲ್ಲಿ ಅದೇ ಮೊದಲು.

ಬೆಳಿಗ್ಗೆ ಬೇಗ ಎದ್ದು ನಡೆಯುವ ಪ್ರಯತ್ನವನ್ನು ಪಕ್ಕದ ಮನೆಯ ಸುಮತಿಯಕ್ಕನ ಜೊತೆ ಮಾಡಿದೆ. ಜೊತೆಯಿದ್ದರೆ ಹುಮ್ಮಸ್ಸು ಬರುತ್ತದೆಂದು ಎಲ್ಲರೂ ಹೇಳುತ್ತಾರೆ. ಬಂತು, ಆದರೆ ಸುಮತಿಯಕ್ಕನಿಗೆ. ಅವರಿಗೆ ನಡೆಯುತ್ತ ಮಾತಾಡುವ ಅಭ್ಯಾಸವಿಲ್ಲ. ಮಾತು ಮುಖ್ಯವಾದ ಕೂಡಲೇ ನಿಲ್ಲುತ್ತಾರೆ, ಮತ್ತು ಅವರ ಮಾತುಗಳಲ್ಲಿ ಮುಖ್ಯವಲ್ಲದ್ದು ಕಡಿಮೆ. ಒಂದೊಂದು ಗೇಟಿನ ಮುಂದೆಯೂ ಆ ಮನೆಯ ಮೂರು ತಲೆಮಾರು ಮುಗಿಯದೆ ಮುಂದಿನ ಗೇಟು ಬರುತ್ತಿರಲಿಲ್ಲ. ಒಂದು ವಾರದಲ್ಲಿ ನನಗೆ ಊರಿನ ಸಂಬಂಧಗಳೆಲ್ಲ ಬಾಯಿಪಾಠವಾದವು, ಕಾಲು ಮಾತ್ರ ನಿಂತು ನಿಂತು ನೋಯತೊಡಗಿತು.

ಆಗ ನಮ್ಮ ಯಜಮಾನರೊಂದು ಉಪಾಯ ಹೇಳಿದರು. ಇವರು ಸ್ವತಃ ಗೇಟಿನವರೆಗೂ ನಡೆಯುವವರಲ್ಲ, ಆದ್ದರಿಂದ ಉಪಾಯ ಹೊಳೆಯಲು ಬಿಡುವಿತ್ತು. "ಬೇರೆ ಹೊತ್ತು ಯಾಕೆ ಮಾರಾಯ್ತಿ? ಹೇಗೂ ಬಸ್ಸಿಗೆ ಹೋಗ್ತಿಯಲ್ಲ. ನಮ್ಮ ಸ್ಟಾಪಿನಲ್ಲಿ ಹತ್ತಬೇಡ. ಮುಂದಿನ ಮೂರು ಸ್ಟಾಪು ಬಿಟ್ಟು ಶಾಲೆಯ ಹತ್ರ ಹತ್ತು. ನಡೆದ ಹಾಗೂ ಆಯ್ತು, ಕೆಲಸಕ್ಕೆ ಹೋದ ಹಾಗೂ ಆಯ್ತು." ಇಷ್ಟು ಸರಳವಾದದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮರುದಿನವೇ ಶೂ ಹಾಕಿ, ಬ್ಯಾಗು ಹೆಗಲಿಗೇರಿಸಿ, ವೇಣೂರು ಕಡೆಯಿಂದ ಮೂಡುಬಿದಿರೆಗೆ ಹೋಗುವ ಆ ರಸ್ತೆಗೆ ಇಳಿದೆ.

ನಮ್ಮ ರಸ್ತೆಯ ಸ್ವಭಾವ ನನಗೆ ಅಂದೇ ಗೊತ್ತಾದದ್ದು. ಅಲ್ಲಿ ಯಾರೂ ಸುಮ್ಮನೆ ನಡೆಯುವುದಿಲ್ಲ. ನಡೆಯುತ್ತಿರುವವರಿಗೆ ಬಸ್ಸು ತಪ್ಪಿರಬೇಕು, ಇಲ್ಲವೇ ಸ್ಕೂಟರು ಕೈಕೊಟ್ಟಿರಬೇಕು, ಅದೂ ಅಲ್ಲದಿದ್ದರೆ ಮನೆಯಲ್ಲಿ ಏನೋ ಆಗಿರಬೇಕು. ಪರಿಚಯದವರು ನಡೆಯುವುದನ್ನು ಕಂಡೂ ಗಾಡಿ ನಿಲ್ಲಿಸದೆ ಹೋದರೆ ಅದು ಸಂಜೆಯವರೆಗೆ ಮನಸ್ಸಿನಲ್ಲಿ ಕೊರೆಯುವಂಥ ಅಪರಾಧ. ಹಾಗಾಗಿ ಎಲ್ಲರೂ ನಿಲ್ಲಿಸಿದರು. ಮೊದಲು ಹಾಲಿನ ಡಿಪೋಗೆ ಹೋಗುವ ಬೈಕು. ಆಮೇಲೆ ಒಂದು ಜೀಪು. ಅವರಿಗೆ ಬೇಡವೆಂದು ಕೈಮುಗಿದು ಮುಂದೆ ಹೋಗುವಷ್ಟರಲ್ಲಿ ಹಿಂದಿನಿಂದ ನನ್ನದೇ ಬಸ್ಸು ಬಂತು. ಸ್ಟಾಪು ಇಲ್ಲದ ಜಾಗದಲ್ಲಿ, ಏರಿನ ನಡುವೆ, ಕಿರ್ರೆಂದು ನಿಂತಿತು. ಕಂಡಕ್ಟರು ಬಾಗಿಲಿನಿಂದ ನೇತಾಡುತ್ತ, "ಬನ್ನಿ ಮೇಡಂ, ಓಡ್ಬೇಡಿ, ನಾವು ನಿಲ್ತೇವೆ!" ಎಂದ. ನಾನು ಓಡುತ್ತಿರಲಿಲ್ಲ. ಅದು ನನ್ನ ನಡಿಗೆಯ ವೇಗವಾಗಿತ್ತು. ಬಸ್ಸಿನ ಜನರೆಲ್ಲ ಕಿಟಕಿಯಿಂದ ತಲೆ ಹಾಕಿ ನನಗಾಗಿ ಕಾಯುತ್ತಿದ್ದರು. ಅಷ್ಟು ಜನರ ಒಳ್ಳೆಯತನವನ್ನು ಬೇಡವೆನ್ನುವ ಎದೆಗಾರಿಕೆ ನನಗಿಲ್ಲ. ಹತ್ತಿದೆ. ಹಾಗೆ ಎರಡು ವಾರ ಹತ್ತಿದೆ.

ಸಕ್ಕರೆಯ ವಿಷಯ ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ರಸ್ತೆಯಲ್ಲಿ ಸಕ್ಕರೆ ಎಂಬ ಮಾತು ಬಾಯಿಂದ ಬಿದ್ದರೆ ಮರುದಿನ ಗೇಟಿಗೊಬ್ಬರು ಔಷಧ ಹಿಡಿದು ನಿಂತಿರುತ್ತಾರೆ. ಹಾಗಲಕಾಯಿಯ ರಸ, ಮೆಂತೆ ನೆನೆಸಿದ ನೀರು, ಯಾರದೋ ಭಾವ ಘಟ್ಟದಿಂದ ತಂದ ಕಹಿಪುಡಿ. ಎಲ್ಲಕ್ಕಿಂತ ಹೆಚ್ಚಾಗಿ, ಅಪ್ಪ ನಮ್ಮಲ್ಲಿಗೆ ಬಂದಿದ್ದಾಗ ಅವರ ಕಾಲನ್ನು ಕಂಡಿರುವ ಸುಮತಿಯಕ್ಕ ನನ್ನ ಕಾಲನ್ನು ನೋಡಲು ಶುರುಮಾಡುತ್ತಿದ್ದರು. ಅದು ನನಗೆ ಬೇಡವಾಗಿತ್ತು.

ಮೂರನೆಯ ವಾರದಲ್ಲಿ ರಿಕ್ಷಾ ಓಡಿಸುವ ಹಮೀದ್ ಕಾಕ, ಊರಿನ ಬಾಯಲ್ಲಿ ಹಮೀದಾಕ, ಎದುರಾದರು. ನನ್ನ ಮಗಳನ್ನು ಒಂದನೇ ಕ್ಲಾಸಿನಿಂದ ಹತ್ತರವರೆಗೆ ಶಾಲೆಗೆ ಬಿಟ್ಟವರು ಅವರು. ಅವರಿಗೆ ಇಲ್ಲ ಎನ್ನುವುದು ಎಲ್ಲರಿಗಿಂತ ಕಷ್ಟ. ಆ ದಿನ ಮಾತ್ರ ನನಗೆ ಡಾಕ್ಟರ ಮುಖ ನೆನಪಾಗಿ ಹಟ ಬಂದಿತ್ತು.

"ಕೂತ್ಕೊಳ್ಳಿ ಮೇಡಂ. ನಾನು ಖಾಲಿಯೇ ಹೋಗುವುದು."

"ಬೇಡ ಹಮೀದಾಕ. ನಡೀತೇನೆ."

"ಬಿಸಿಲು ಉಂಟಲ್ಲ ಮಾರಾಯ್ರೆ, ಯಾಕೆ ನಡೆಯುವುದು?"

"ಇಲ್ಲ, ನಡೆಯಲೇಬೇಕು."

"ನಡೆಯಲೇಬೇಕಾ?"

"ನಡೆಯಲೇಬೇಕು."

ಹಮೀದಾಕ ರಿಕ್ಷಾದ ಎಂಜಿನ್ ಆಫ್ ಮಾಡಿದರು. ದನಿ ತಗ್ಗಿಸಿ ಕೇಳಿದರು: "ಹರಕೆಯಾ?"

ಇಲ್ಲಿ ನಾನು ಏನು ಹೇಳಿದೆ ಎಂಬುದನ್ನು ಎಷ್ಟೋ ಸಲ ನೆನಪಿಸಿಕೊಳ್ಳಲು ಪ್ರಯತ್ನಿಸಿದ್ದೇನೆ. ಒಂದು ನೆನಪಿನಲ್ಲಿ ನಾನು ಏನೂ ಹೇಳದೆ ನೆಲ ನೋಡಿದೆ. ಇನ್ನೊಂದರಲ್ಲಿ ತಲೆ ಸ್ವಲ್ಪ ಆಡಿಸಿದೆ, ಆದರೆ ಅದು ನೊಣ ಓಡಿಸಲು. ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಅಂದು ಬರೆದದ್ದು 'ಹಮೀದಾಕನಿಗೆ ವಿಷಯ ತಿಳಿಸಿದೆ' ಎಂದು. ಅದನ್ನು ನಾನೇ ನಂಬುವುದಿಲ್ಲ. ಇನ್ನೂ ಒಂದು ಮಾತು: ಈ ಸಂಭಾಷಣೆಗಳೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ನನ್ನ ಮಾತು ಉಳಿದವರದಕ್ಕಿಂತ ಗಂಭೀರವಾಗಿ ಕೇಳಿಸುತ್ತಿದ್ದರೆ ಅದಕ್ಕೂ ನಾನೇ ಹೊಣೆ.

ಏನೇ ಇರಲಿ, ಪರಿಣಾಮ ಅದ್ಭುತವಾಗಿತ್ತು. ಮರುದಿನ ಬೈಕು ನಿಲ್ಲಲಿಲ್ಲ, ನಿಧಾನ ಮಾಡಿ ತಲೆಬಾಗಿ ಹೋಯಿತು. ಜೀಪು ಕೆಸರು ಹಾರದಂತೆ ರಸ್ತೆಯ ಆ ಬದಿಗೆ ಸರಿಯಿತು. ಬಸ್ಸಿನ ಡ್ರೈವರು ಅಭ್ಯಾಸಬಲದಿಂದ ಬ್ರೇಕು ಒತ್ತಿದಾಗ ಕಂಡಕ್ಟರು, "ಬಿಡು ಬಿಡು, ಮೇಡಂಗೆ ಹರಕೆ ಉಂಟು. ಶಾಲೆ ಇಲ್ಲೇ ಹತ್ರ, ಅಲ್ಲಿ ಹತ್ತುತ್ತಾರೆ" ಎಂದು ಸೀಟಿ ಊದಿದ. ಆರೋಗ್ಯಕ್ಕಾಗಿ ನಡೆಯುವುದು ನಮ್ಮಲ್ಲಿ ಹುಡುಗಾಟ. ದೇವರಿಗಾಗಿ ನಡೆಯುವವರಿಗೆ ಲಾರಿಯೂ ದಾರಿ ಬಿಡುತ್ತದೆ. ಸುಮತಿಯಕ್ಕ ಗೇಟಿನಿಂದಲೇ ನನ್ನ ಶೂ ನೋಡಿ, "ಹರಕೆಗೆ ಇದೆಲ್ಲ ಹಾಕ್ಲಿಕ್ಕೆ ಆಗ್ತದಾ?" ಎಂದು ಅನುಮಾನಿಸಿದರು. "ನನ್ನ ತವರಿನ ಕಡೆ ಆಗ್ತದೆ ಅಕ್ಕ" ಎಂದೆ. ಬಂಟ್ವಾಳ ಸಾವಿರದೈನೂರು ಮೈಲಿ ದೂರವಿದ್ದಂತೆ ಅವರು ಒಪ್ಪಿಕೊಂಡರು. ಹರಕೆಯವಳಿಗೆಂದು ಆಗಾಗ ಪಂಚಕಜ್ಜಾಯ ತಂದುಕೊಟ್ಟರು. ಅದರ ಬೆಲ್ಲವನ್ನು ಕಂಡು ನನ್ನ ಕಣ್ಣಲ್ಲಿ ನೀರು ಬಂದಾಗ ಅದನ್ನು ಭಕ್ತಿಯೆಂದು ತಿಳಿದರು.

ನಡೆಯುವ ಹುಮ್ಮಸ್ಸು ನಿಜವಾಗಿ ಎಲ್ಲಿಂದ ಬರುತ್ತದೆಂಬುದು ನನಗೆ ತಿಳಿದದ್ದು ಒಂದು ಜಡಿಮಳೆಯ ಬೆಳಿಗ್ಗೆ. ಹಿಂದಿನ ದಿನ ತಪಾಸಣೆಯ ಕಡತಗಳನ್ನು ನೋಡಿ ನೋಡಿ ಕುತ್ತಿಗೆ ಹಿಡಿದಿತ್ತು. ಒಂದು ದಿನ ತಪ್ಪಿಸಿದರೆ ಯಾರು ಕೇಳುತ್ತಾರೆ ಎಂದು ನಮ್ಮ ಸ್ಟಾಪಿನಲ್ಲೇ ಹತ್ತಿದೆ. ಕಂಡಕ್ಟರು ಟಿಕೆಟು ಕೊಡಲಿಲ್ಲ.

"ಎಂಥ ಮೇಡಂ, ತಪ್ಪಿಸಿದ್ದಾ?" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಕಾಳಜಿಯಿತ್ತು, ಅದೇ ಹೆಚ್ಚು ಚುಚ್ಚಿತು.

"ಮಳೆ ಅಲ್ವಾ..." ಎಂದೆ.

ಮುಂದಿನ ಸೀಟಿನ ಅಜ್ಜಿಯೊಬ್ಬರು ತಿರುಗಿ, "ಕೊಡೆ ಇಲ್ವಾ ಮಗಾ? ನನ್ನದು ಕೊಂಡುಹೋಗು" ಎಂದು ತಮ್ಮ ಕೊಡೆ ಚಾಚಿದರು. ನಾನು ಮುಂದಿನ ಸ್ಟಾಪಿನಲ್ಲಿ ಇಳಿದು, ನನ್ನದೇ ಕೊಡೆ ಬಿಡಿಸಿ, ಶಾಲೆಯವರೆಗೆ ನಡೆದೆ. ಬಸ್ಸು ಅಲ್ಲಿ ನನಗಾಗಿ ಕಾದು ನಿಂತಿತ್ತು. ಒಬ್ಬರೂ ಗೊಣಗಿರಲಿಲ್ಲ. ಆಮೇಲೆ ನಾನು ಒಂದು ದಿನವೂ ತಪ್ಪಿಸಲಿಲ್ಲ.

ಆದರೆ ಹರಕೆ ಎಂದ ಮೇಲೆ ಅದಕ್ಕೊಂದು ಕಾರಣ ಬೇಕಲ್ಲ. ನಾನು ಹೇಳದಿದ್ದದ್ದನ್ನು ಊರು ತಾನೇ ಹುಡುಕಿಕೊಂಡಿತು. ಒಂದು ಭಾನುವಾರ ಮಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಶ್ರಾವ್ಯಳ ಫೋನು ಬಂತು.

"ಅಮ್ಮಾ, ನನಗೆ ಮದುವೆ ಆಗ್ತಾ ಇಲ್ಲ ಅಂತ ನೀವು ದಿನಾ ರಸ್ತೆಯಲ್ಲಿ ನಡೀತಾ ಇದ್ದೀರಂತೆ?"

"ಯಾರು ಹೇಳಿದ್ದು?"

"ಬೆಳ್ತಂಗಡಿಯ ಅತ್ತೆ. ಪಾಪ, ನಿನ್ನ ಅಮ್ಮ ಸೊರಗಿದ್ದಾಳೆ, ಒಪ್ಪಿಬಿಡು ಅಂತ ದುಬೈ ಹುಡುಗನ ಫೋಟೋ ಕಳಿಸಿದ್ದಾರೆ. ನಾನು ಬೇಡ ಅಂದದ್ದಕ್ಕೆ ಅಮ್ಮನ ಕಾಲು ನೋಡಿಯಾದರೂ ಹೂಂ ಅನ್ನು ಅಂತಾರೆ. ನಿಮಗೆ ನಾಚಿಕೆ ಆಗುದಿಲ್ವಾ?"

ಆಗ ಅವಳಿಗೆ ನಿಜ ಹೇಳಿದೆ. "ಅಜ್ಜನ ಹಾಗಾ?" ಎಂದಳು. ಇಲ್ಲ, ಹಾಗೇನೂ ಇಲ್ಲ ಎಂದೆ. "ಹಾಗಾದ್ರೆ ನಡೀರಿ. ಆದರೆ ನನ್ನ ಹೆಸರಿನಲ್ಲಿ ಬೇಡ" ಎಂದಳು.

ನ್ಯಾಯವಾದ ಮಾತು. ಮರುದಿನ ಹಮೀದಾಕನನ್ನು ನಾನೇ ಕೈ ಅಡ್ಡ ಹಿಡಿದು ನಿಲ್ಲಿಸಿದೆ. "ಹಮೀದಾಕ, ನನಗೆ ಹರಕೆ ಗಿರಕೆ ಏನೂ ಇಲ್ಲ. ಸಕ್ಕರೆ ಜಾಸ್ತಿ ಆಗಿದೆ. ಡಾಕ್ಟರು ನಡೀಲಿಕ್ಕೆ ಹೇಳಿದ್ದು. ಮಗಳ ಮದುವೆಗೂ ಇದಕ್ಕೂ ಸಂಬಂಧ ಇಲ್ಲ." ಅವರು ನನ್ನನ್ನು ಬಹಳ ಮರುಕದಿಂದ ನೋಡಿದರು. "ಆಯ್ತು ಮೇಡಂ, ನೀವು ಹಾಗೇ ಹೇಳಿ. ಇಂಥದ್ದನ್ನು ಬಾಯಿಬಿಟ್ಟು ಹೇಳ್ಬಾರದು, ನನಗೆ ಗೊತ್ತುಂಟು. ಮಗು ಒಳ್ಳೆ ಹುಡುಗಿ. ಎಲ್ಲ ಸರಿಯಾಗ್ತದೆ" ಎಂದು ರಿಕ್ಷಾ ಬಿಟ್ಟರು. ಅರ್ಧ ಸುಳ್ಳನ್ನು ಒಂದು ನಿಮಿಷದಲ್ಲಿ ನಂಬಿದ ಊರು ಪೂರ್ತಿ ಸತ್ಯವನ್ನು ನಂಬಲು ತಯಾರಿರಲಿಲ್ಲ. ದುಬೈ ಹುಡುಗನಿಗೆ ಶ್ರಾವ್ಯಳೇ ನೇರವಾಗಿ ಮೆಸೇಜು ಮಾಡಿ ಆ ವಿಷಯ ಮುಗಿಸಿದಳು. ಊರಿನವರು ಮಾತ್ರ ಹರಕೆ ಇನ್ನೂ ಬಲವಾಗಿ ಬೇಕೆಂದುಕೊಂಡರು.

ಮೂರು ತಿಂಗಳು ಮುಗಿದವು. ಮೂಡುಬಿದಿರೆಯ ಲ್ಯಾಬಿನಲ್ಲಿ ರಕ್ತ ಕೊಟ್ಟು, ವರದಿಗಾಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಎದುರಿನ ಕುರ್ಚಿಯಲ್ಲಿ ಒಬ್ಬರು ವಯಸ್ಸಾದವರು, ಪಾದಕ್ಕೆ ಬಿಳಿ ಬಟ್ಟೆ ಸುತ್ತಿತ್ತು. ಆ ಪಾದವನ್ನು ನೋಡಬಾರದೆಂದು ಗೋಡೆಯ ಕ್ಯಾಲೆಂಡರು ನೋಡಿದೆ, ಮತ್ತೆ ಪಾದವನ್ನೇ ನೋಡಿದೆ. ನಾನು ಎರಡು ಸ್ನಾತಕೋತ್ತರ ಪದವಿ ಪಡೆದವಳು. ಹರಕೆಯ ಸಾಮಾಜಿಕ ಹಿನ್ನೆಲೆಯ ಬಗ್ಗೆ ಕಾಲೇಜಿನ ಪತ್ರಿಕೆಯಲ್ಲಿ ಒಂದು ಲೇಖನವನ್ನೂ ಬರೆದವಳು. ಆದರೂ ಬ್ಯಾಗಿನ ಮರೆಯಲ್ಲಿ ನನ್ನ ಎರಡು ಕೈಗಳು ತಾವಾಗಿ ಸೇರಿಕೊಂಡವು. 'ಇದೊಂದು ಸಲ ಇಳಿಸಿಕೊಡು. ನಡೆಯುತ್ತೇನೆ' ಎಂದೆ.

ಇಳಿದಿತ್ತು. ಡಾಕ್ಟರು ಕಾಗದ ನೋಡಿ ಕನ್ನಡಕ ತೆಗೆದರು. "ಮಾತ್ರೆ ಬೇಡ ಈಗ. ಹೀಗೇ ಇಟ್ಟುಕೊಳ್ಳಿ. ಅಲ್ಲ ಮೇಡಂ, ನನ್ನ ಪೇಶೆಂಟುಗಳು ಯಾರೂ ಎರಡು ವಾರ ದಾಟುವುದಿಲ್ಲ. ಇಷ್ಟು ಕೆಲಸದ ನಡುವೆ ನೀವು ಹೇಗೆ ಬಿಡದೆ ನಡೆದದ್ದು?" ಎಂದು ಕೇಳಿದರು. "ಎಲ್ಲ ಮನಸ್ಸಿನ ದೃಢತೆ ಡಾಕ್ಟರೇ" ಎಂದೆ. ಆ ಉತ್ತರ ನನ್ನ ಬಾಯಿಂದ ಬಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಇಂಥ ಕಡೆ ನನ್ನ ನೆನಪು ಕೈಕೊಡುವುದೇ ಇಲ್ಲ.

ಮೆಟ್ಟಿಲಿಳಿಯುವಾಗ ಖುಷಿಯಲ್ಲಿ ಲೆಕ್ಕ ಹಾಕಿದೆ: ಹರಕೆ ತೀರಿತೆಂದು ಊರಿಗೆ ಹೇಳಿ, ಒಂದು ಪೂಜೆ ಮಾಡಿಸಿ, ವಾರಕ್ಕೆ ಎರಡು ದಿನವಾದರೂ ಬಸ್ಸಿನಲ್ಲಿ ಆರಾಮವಾಗಿ ಹೋಗಬಹುದು. ಆಗಲೇ ನೆನಪಾಗಿ ಅಲ್ಲೇ ನಿಂತೆ. ಲ್ಯಾಬಿನಲ್ಲಿ ಗಾಬರಿಯಲ್ಲಿ ಕೈಮುಗಿದು ಹರಕೆ ಹೊತ್ತಾಗ ನಾನು ದೇವರ ಹೆಸರು ಹೇಳಿರಲಿಲ್ಲ. ಎಷ್ಟು ದಿನವೆಂದೂ ಹೇಳಿರಲಿಲ್ಲ. ಹೇಳಿದ್ದು ಯಾರು ಕೇಳಿಸಿಕೊಂಡರು, ಯಾರು ಇಳಿಸಿಕೊಟ್ಟರು ಎಂದು ಗೊತ್ತಿಲ್ಲದೆ ಯಾವ ಬಾಗಿಲಿಗೆ ಹೋಗಿ ತೀರಿತೆಂದು ಹೇಳಲಿ? ತಪ್ಪು ಬಾಗಿಲಿಗೆ ಹೋಗಿ, ಸರಿಯಾದವರು ಮುನಿಸಿಕೊಂಡರೆ? ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ನಂಬದಿರುವುದರಿಂದಲೇ ಯಾರನ್ನು ಕೇಳಬೇಕೆಂದು ತಿಳಿಯುತ್ತಿಲ್ಲ. ಸದ್ಯಕ್ಕೆ, ಮಳೆಯಿರಲಿ ಬಿಸಿಲಿರಲಿ, ಶಾಲೆಯವರೆಗೆ ನಡೆದೇ ಹೋಗುತ್ತಿದ್ದೇನೆ.